ಮೂತ್ರ ಸೋರಿಕೆ: ವ್ಯಾಯಾಮ, ಮಾತ್ರೆ, ಶಸ್ತ್ರಚಿಕಿತ್ಸೆ, ಡೈಪರ್‌ಗಳಲ್ಲಿ ಯಾರಿಗೆ ಯಾವುದು?

ಇಳಕಲ್ಲಿನ ನಮ್ಮ ಮನೆಯ ಹಿತ್ತಲಲ್ಲಿ ತಂತಿಯ ಮೇಲೆ ಅವ್ವನ ಸೀರೆ ಒಣಗುತ್ತಿತ್ತು. ಮೋಡ ಕವಿದಿದ್ದರಿಂದ ಅದನ್ನು ಎಳೆದುಕೊಂಡೆ. ಅದರಡಿಯಲ್ಲಿ ಅಂಗೈಯಗಲದ ಬಟ್ಟೆಯ ತುಂಡುಗಳು ಸಾಲಾಗಿ ತೂಗುತ್ತಿದ್ದವು. ಹಳೆಯ ಸೀರೆ ಹರಿದು, ನಾಲ್ಕು ಮಡಿಕೆ ಮಾಡಿ, ಅಂಚಿಗೆ ಕೈಹೊಲಿಗೆ ಹಾಕಿದ ತುಂಡುಗಳು. ಅವ್ವನಿಗೆ ಮುಟ್ಟು ನಿಂತು ಹದಿನೈದು ವರ್ಷವಾಗಿತ್ತು. ಇವು ಏತಕ್ಕೆ ಎಂದು ಕೇಳಿದರೆ ಕಿರುಬೆರಳು ತೋರಿಸಿ ಮುಖ ತಿರುಗಿಸಿದಳು. ಆ ವರ್ಷ ಬಾದಾಮಿಯ ಬನಶಂಕರಿ ಜಾತ್ರೆಗೆ ಬರಲೊಲ್ಲೆ ಎಂದದ್ದು ಮೊಣಕಾಲು ನೋವಿಗಲ್ಲ, ಬಸ್ಸಿನ ಮೆಟ್ಟಿಲು ಇಳಿಯುವಾಗ ಸೀರೆ ಒದ್ದೆಯಾದೀತು ಎಂಬ ಹೆದರಿಕೆಗೆ ಎಂದು ಆಗ ತಿಳಿಯಿತು.

ಅದೇ ದಿನಗಳಲ್ಲಿ ತಾಳಿಕೋಟೆಯ ಸೋದರಮಾವನ ಮನೆಯಲ್ಲಿ ದಿನ ಬಿಟ್ಟು ದಿನ ಕೌದಿ ಒಗೆಯುತ್ತಿದ್ದರು. ನೆನೆದ ಕೌದಿಯನ್ನು ಇಬ್ಬರು ಎರಡು ತುದಿ ಹಿಡಿದು ಹಿಂಡಬೇಕು, ಒಣಗಲು ಎರಡು ಬಿಸಿಲು ಬೇಕು. ಸಾಕಾಗಿ ಮನೆಯವರು ಮಾವನಿಗೆ ಡೈಪರ್ ತಂದರು. ವಯಸ್ಸಾಯಿತಲ್ಲ, ಇನ್ನೇನು ಮಾಡುವುದು ಎಂದರು.

ಇಬ್ಬರ ವಿಷಯದಲ್ಲೂ ನಾವು ತಪ್ಪಿದೆವು. ಅವ್ವನನ್ನು ಕರೆದೊಯ್ದ ಆಸ್ಪತ್ರೆಯಲ್ಲಿ ಯಾವಾಗ ಸೋರುತ್ತದೆ ಎಂದು ಯಾರೂ ಕೇಳಲಿಲ್ಲ. ಎರಡು ನಿಮಿಷದಲ್ಲಿ ಮಾತ್ರೆ ಬರೆದರು. ನಾವೂ ಹೇಳಲಿಲ್ಲ. ಬಾಯಿ ಒಣಗಿತು, ಮಲಬದ್ಧತೆ ಶುರುವಾಯಿತು, ಮೂರನೆಯ ವಾರಕ್ಕೆ ಒಲೆಯ ಮೇಲಿಟ್ಟ ಹಾಲನ್ನೇ ಮರೆಯತೊಡಗಿದಳು. ಸೋರಿಕೆ ಮಾತ್ರ ಇದ್ದಷ್ಟೇ ಇತ್ತು. ಮಾವನಿಗೆ ಎಂಟು ತಿಂಗಳ ಮೇಲೆ ಹೊಟ್ಟೆಯ ಸ್ಕ್ಯಾನಿಂಗ್ ಆದಾಗ, ಮೂತ್ರ ಮಾಡಿ ಬಂದ ಮೇಲೂ ಮೂತ್ರಕೋಶದಲ್ಲಿ ಅರ್ಧ ಲೀಟರಿಗಿಂತ ಹೆಚ್ಚು ಉಳಿದಿತ್ತು. ಪ್ರಾಸ್ಟೇಟ್ ಗ್ರಂಥಿ ಬೆಳೆದು ದಾರಿ ಅಡ್ಡಗಟ್ಟಿತ್ತು, ಮೂತ್ರಪಿಂಡಗಳು ಊದತೊಡಗಿದ್ದವು.

ಇಬ್ಬರದೂ ಹೊರಗಿನಿಂದ ನೋಡಿದರೆ ಒದ್ದೆ ಬಟ್ಟೆಯೇ. ಒಳಗಿನ ಕಾರಣ ಮಾತ್ರ ಒಂದಕ್ಕೊಂದು ತದ್ವಿರುದ್ಧ. ಅವ್ವನ ಬಾಗಿಲು ಸಡಿಲ, ಮಾವನ ಬಾಗಿಲು ಬಿಗಿ. ಆದ್ದರಿಂದ ಯಾವ ಚಿಕಿತ್ಸೆ ಒಳ್ಳೆಯದು ಎಂದು ಕೇಳುವ ಮೊದಲು ಯಾವ ಸೋರಿಕೆ ಎಂದು ಕೇಳಬೇಕು.

ಯಾವ ಗಳಿಗೆಯಲ್ಲಿ ಸೋರುತ್ತದೆ?

ಮೂತ್ರಕೋಶದಲ್ಲಿ 150ರಿಂದ 200 ಮಿಲಿಲೀಟರ್ ತುಂಬುವಾಗ ಮೊದಲ ಸೂಚನೆ ಬರುತ್ತದೆ. ಆರೋಗ್ಯವಂತ ವಯಸ್ಕರು 400 ಮಿಲಿಲೀಟರ್‌ವರೆಗೂ, ಕೆಲವರು ಇನ್ನೂ ಹೆಚ್ಚು, ತಡೆಯಬಲ್ಲರು. ಹಗಲಿನಲ್ಲಿ ಆರೆಂಟು ಸಲ, ರಾತ್ರಿ ಹೆಚ್ಚೆಂದರೆ ಒಂದು ಸಲ ಏಳುವುದು ಸಹಜ.

ಕೆಮ್ಮಿದಾಗ, ಸೀನಿದಾಗ, ನಕ್ಕಾಗ, ನೀರಿನ ಕೊಡ ಎತ್ತಿದಾಗ ಒಂದಿಷ್ಟು ಚಿಮ್ಮಿದರೆ ಅದು ಒತ್ತಡದ ಸೋರಿಕೆ. ಇಲ್ಲಿ ಒತ್ತಡ ಎಂದರೆ ಮನಸ್ಸಿನದಲ್ಲ, ಹೊಟ್ಟೆಯದು. ಹೆರಿಗೆ, ಮುಟ್ಟು ನಿಲ್ಲುವುದು, ತೂಕ, ವರ್ಷಗಟ್ಟಲೆಯ ಕೆಮ್ಮು ಇವುಗಳಿಂದ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಸಡಿಲಾಗಿರುತ್ತವೆ. ಅವ್ವನದು ಇದೇ. ರಾತ್ರಿ ಹಾಸಿಗೆ ಒಣಗಿಯೇ ಇರುತ್ತಿತ್ತು. ಅದೊಂದನ್ನು ಹೇಳಿದ್ದರೆ ಸಾಕಿತ್ತು.

ಇದ್ದಕ್ಕಿದ್ದಂತೆ ತಡೆಯಲಾರದ ಅವಸರ ಬಂದು, ಬಚ್ಚಲ ಬಾಗಿಲು ಮುಟ್ಟುವ ಮೊದಲೇ ಆಗಿಬಿಟ್ಟರೆ ಅದು ಆತುರದ ಸೋರಿಕೆ. ನಲ್ಲಿ ನೀರಿನ ಸದ್ದು ಕೇಳಿದರೆ, ಹೊರಗಿನಿಂದ ಬಂದು ಬೀಗಕ್ಕೆ ಕೀಲಿ ಹಾಕಿದರೆ ಅವಸರವಾಗುತ್ತದೆ ಎನ್ನುವವರು ಇವರು. ಮೂತ್ರಕೋಶದ ಸ್ನಾಯು ತುಂಬುವ ಮೊದಲೇ ತಾನಾಗಿ ಹಿಂಡಿಕೊಳ್ಳುತ್ತದೆ. ವಯಸ್ಸಾದ ಹೆಂಗಸರಲ್ಲಿ ಒತ್ತಡ, ಆತುರ ಎರಡೂ ಕೂಡಿರುವುದು ಬಹಳ ಸಾಮಾನ್ಯ. ಆಗ ಹೆಚ್ಚು ಕಾಡುವುದು ಯಾವುದೋ ಅದಕ್ಕೆ ಮೊದಲು ಚಿಕಿತ್ಸೆ.

ಸಣ್ಣ ಧಾರೆ, ಮುಕ್ಕರಿದರೂ ಪೂರ್ತಿ ಆಗಲಿಲ್ಲ ಎಂಬ ಭಾವನೆ, ಹಗಲೂ ರಾತ್ರಿ ಹನಿ ಹನಿ ತೊಟ್ಟಿಕ್ಕುವುದು, ಇವು ಕೆರೆ ತುಂಬಿ ಕೋಡಿ ಹರಿದಂತೆ. ಗಂಡಸರಲ್ಲಿ ಪ್ರಾಸ್ಟೇಟ್, ಹಳೆಯ ಸಕ್ಕರೆ ಕಾಯಿಲೆಯವರಲ್ಲಿ ನರಗಳ ದೌರ್ಬಲ್ಯ ಸಾಮಾನ್ಯ ಕಾರಣ. ಮುಚ್ಚಿಟ್ಟುಕೊಂಡರೆ ಅಪಾಯ ಹೆಚ್ಚಾಗುವುದು ಈ ಬಗೆಯಲ್ಲಿ.

ಇನ್ನೊಂದರಲ್ಲಿ ಮೂತ್ರಕೋಶ ಸರಿಯಾಗಿಯೇ ಇರುತ್ತದೆ, ಕಾಲು ಸಾಗುವುದಿಲ್ಲ. ಲಕ್ವ ಹೊಡೆದವರು, ಮರೆವಿನ ಕಾಯಿಲೆಯವರು, ಮೊಣಕಾಲು ಮಡಚಲಾಗದವರು. ಶೌಚಾಲಯ ಹಿತ್ತಲಿನ ಕೊನೆಯಲ್ಲಿದ್ದು, ನಡುವೆ ಕತ್ತಲೆ, ದನದ ಗೂಟ, ಜಾರುವ ಕಲ್ಲು ಇದ್ದರೆ ಯಾವ ಮಾತ್ರೆ ಏನು ಮಾಡೀತು? ಇವರಿಗೆ ಔಷಧಕ್ಕಿಂತ ಮೊದಲು ಮಂಚದ ಪಕ್ಕ ಕಮೋಡ್ ಕುರ್ಚಿ, ಗಂಡಸರಿಗೆ ಮೂತ್ರದ ಬಾಟಲಿ, ದಾರಿಗೆ ದೀಪ, ಗೋಡೆಗೆ ಹಿಡಿಕೆ, ಲಾಡಿಯ ಬದಲು ಎಲಾಸ್ಟಿಕ್ ಹಾಕಿದ ಬಟ್ಟೆ ಬೇಕು.

ಹೆರಿಗೆ ಕಷ್ಟವಾದ ಮೇಲೆ ಅಥವಾ ಗರ್ಭಕೋಶ ತೆಗೆದ ಮೇಲೆ, ಯಾವ ಅವಸರವೂ ಇಲ್ಲದೆ ಎಡೆಬಿಡದೆ ಯೋನಿಯಿಂದ ಮೂತ್ರ ಹರಿಯುತ್ತಿದ್ದರೆ ಅದು ಮೂತ್ರಕೋಶಕ್ಕೂ ಯೋನಿಗೂ ನಡುವೆ ರಂಧ್ರ ಬಿದ್ದಿರುವ ಲಕ್ಷಣ. ಇದಕ್ಕೆ ವ್ಯಾಯಾಮವೂ ಮಾತ್ರೆಯೂ ಉಪಯೋಗವಿಲ್ಲ; ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯಿಂದಲೇ ರಂಧ್ರ ಮುಚ್ಚಬೇಕಾಗುತ್ತದೆ. ವಾಸನೆಗೆ ಅಂಜಿ ಮೂಲೆ ಹಿಡಿದು ಕೂರುವ ಸ್ಥಿತಿ ಯಾರಿಗೂ ಬರಬೇಕಾಗಿಲ್ಲ.

ಮೂರು ದಿನದ ಲೆಕ್ಕ

ವೈದ್ಯರ ಬಳಿ ಹೋಗುವ ಮೊದಲು ಮೂರು ದಿನ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯಿರಿ. ಎಷ್ಟು ಗಂಟೆಗೆ ಏನು, ಎಷ್ಟು ಕುಡಿದಿರಿ. ಎಷ್ಟು ಗಂಟೆಗೆ ಮೂತ್ರ ಹೋಯಿತು, ಎಷ್ಟು ಹೋಯಿತು. ಯಾವಾಗ ಸೋರಿತು, ಆಗ ಏನು ಮಾಡುತ್ತಿದ್ದಿರಿ. ಅಳತೆಗೆ ಗುರುತು ಹಾಕಿದ ಹಳೆಯ ಪ್ಲಾಸ್ಟಿಕ್ ಮಗ್ ಸಾಕು. ಅವ್ವನಿಗೆ ಬರೆಯಲು ಬರುವುದಿಲ್ಲ. ಮೊಮ್ಮಗಳು ಸೂರ್ಯ, ಕೊಡ, ಹನಿ ಎಂದು ಚಿತ್ರ ಬರೆದುಕೊಟ್ಟಳು. ಅವ್ವ ಅವುಗಳ ಮುಂದೆ ಇದ್ದಿಲಿನಿಂದ ಗೆರೆ ಎಳೆದಳು. ಕೊಡದ ಮುಂದೆಯೇ ಗೆರೆಗಳು ಗುಂಪಾಗಿದ್ದವು. ಎರಡನೆಯ ವೈದ್ಯರಿಗೆ ಆ ಹಾಳೆಯೇ ಅರ್ಧ ಉತ್ತರ ಕೊಟ್ಟಿತು.

ಆ ಹಾಳೆಯ ಜೊತೆಗೆ ಬೇಕಾದ ಪರೀಕ್ಷೆಗಳು ದೊಡ್ಡವಲ್ಲ. ಸೋಂಕಿಗಾಗಿ ಮೂತ್ರ ಪರೀಕ್ಷೆ, ರಕ್ತದ ಸಕ್ಕರೆ, ಕೆಮ್ಮಿಸಿ ನೋಡುವ ಪರೀಕ್ಷೆ, ಮೂತ್ರ ಮಾಡಿದ ಮೇಲೆ ಎಷ್ಟು ಉಳಿಯುತ್ತದೆ ಎಂದು ತೋರಿಸುವ ಸ್ಕ್ಯಾನಿಂಗ್. ಈಗಾಗಲೇ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ. ಕಾಲುಬಾವಿಗೆ ಕೊಡುವ ಫ್ಯೂರೊಸೆಮೈಡ್, ರಕ್ತದೊತ್ತಡಕ್ಕೆ ಕೊಡುವ ಪ್ರಾಜೊಸಿನ್, ಸಕ್ಕರೆಗೆ ಕೊಡುವ ಡಾಪಾಗ್ಲಿಫ್ಲೋಜಿನ್ ಮೊದಲಾದವು ಸೋರಿಕೆಯನ್ನು ಹೆಚ್ಚಿಸಬಲ್ಲವು. ನೀವಾಗಿಯೇ ನಿಲ್ಲಿಸಬೇಡಿ, ಹೊತ್ತು ಬದಲಿಸಬಹುದೇ, ಬೇರೆಯದು ಕೊಡಬಹುದೇ ಎಂದು ಕೇಳಿ.

ವ್ಯಾಯಾಮವೋ ಮಾತ್ರೆಯೋ

ಒತ್ತಡದ ಸೋರಿಕೆಗೆ ಮೊದಲ ಆಯ್ಕೆ ಕಿಬ್ಬೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮ, ಅದರಲ್ಲಿ ನನಗೆ ಎರಡು ಮಾತಿಲ್ಲ. ಅಮೆರಿಕದ ಸ್ತ್ರೀರೋಗ ತಜ್ಞ ಅರ್ನಾಲ್ಡ್ ಕೆಗೆಲ್ 1948ರಲ್ಲಿ ಇದನ್ನು ಪ್ರಚಾರಕ್ಕೆ ತಂದದ್ದರಿಂದ ಕೆಗೆಲ್ ವ್ಯಾಯಾಮ ಎಂಬ ಹೆಸರಿದೆ. ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2018ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ಒತ್ತಡದ ಸೋರಿಕೆಯ ಮಹಿಳೆಯರಲ್ಲಿ ವ್ಯಾಯಾಮ ಮಾಡಿದವರ ಪೈಕಿ ಶೇ 56 ಮಂದಿ ವಾಸಿಯಾಯಿತು ಎಂದರು, ಮಾಡದವರಲ್ಲಿ ಶೇ 6 ಮಂದಿ. ಖರ್ಚಿಲ್ಲ, ಅಡ್ಡಪರಿಣಾಮ ಇಲ್ಲವೆಂಬಷ್ಟು ಅಪರೂಪ. ಬೇಕಾದದ್ದು ತಾಳ್ಮೆ: ಕನಿಷ್ಠ ಮೂರು ತಿಂಗಳು, ದಿನಕ್ಕೆ ಮೂರು ಸಲ, ಪ್ರತಿ ಸಲವೂ ಕನಿಷ್ಠ ಎಂಟು ಬಿಗಿತ.

ಹೆಚ್ಚಿನವರು ಸೋಲುವುದು ತಪ್ಪು ಸ್ನಾಯುವನ್ನು ಬಿಗಿಮಾಡುವುದರಿಂದ. ತೊಡೆ, ಪಿರ್ರೆ, ಹೊಟ್ಟೆ ಯಾವುದೂ ಅಲುಗಬಾರದು. ನಾಲ್ಕು ಜನರ ನಡುವೆ ಗಾಳಿ ಹೋಗದಂತೆ ಹೇಗೆ ತಡೆಯುತ್ತೇವೋ ಹಾಗೆ ಒಳಕ್ಕೂ ಮೇಲಕ್ಕೂ ಎಳೆದುಕೊಳ್ಳಬೇಕು. ಉಸಿರು ಕಟ್ಟಬಾರದು. ಮೂತ್ರ ಮಾಡುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡುವುದನ್ನು ರೂಢಿ ಮಾಡಿಕೊಳ್ಳಬಾರದು. ಅವ್ವನಿಗೆ ಎಣಿಕೆ ನೆನಪಿರುತ್ತಿರಲಿಲ್ಲ. ಹಂಚಿನ ಮೇಲೆ ಹಾಕಿದ ಜೋಳದ ರೊಟ್ಟಿಗೆ ನೀರು ಸವರುವಾಗ ಬಿಗಿ, ತಿರುವಿಹಾಕುವಾಗ ಸಡಿಲ, ಎಂದು ತಾನೇ ಗೊತ್ತುಮಾಡಿಕೊಂಡಳು. ಎಂಟು ರೊಟ್ಟಿಗೆ ಎಂಟು ಬಿಗಿತ. ಜೊತೆಗೆ ಇನ್ನೊಂದು ಉಪಾಯವನ್ನು ಫಿಸಿಯೊಥೆರಪಿಸ್ಟ್ ಕಲಿಸಿದರು: ಕೆಮ್ಮು ಬರುವ ಮುಂಚೆ, ಕೊಡ ಎತ್ತುವ ಮುಂಚೆ ಆ ಸ್ನಾಯುವನ್ನು ಬಿಗಿದುಕೊಂಡೇ ಎತ್ತುವುದು. ಎರಡನೆಯ ತಿಂಗಳು ಮುಗಿಯುವ ಹೊತ್ತಿಗೆ ತಂತಿಯ ಮೇಲಿನ ಬಟ್ಟೆತುಂಡುಗಳು ಏಳರಿಂದ ಮೂರಕ್ಕೆ ಇಳಿದವು.

ಮಾತ್ರೆಗಳ ಮುಖ್ಯ ಉಪಯೋಗ ಆತುರದ ಸೋರಿಕೆಗೆ. ಅಲ್ಲಿಯೂ ಮೊದಲು ಆರು ವಾರ ಮೂತ್ರಕೋಶಕ್ಕೆ ಪಾಠ ಕಲಿಸಿ ನೋಡಬೇಕು. ಗಂಟೆಗೊಮ್ಮೆ ಹೋಗುವವರು ಅವಸರ ಬಂದರೂ ಬರದಿದ್ದರೂ ಒಂದೂಕಾಲು ಗಂಟೆಗೆ ಹೋಗುವುದು, ಅದು ಹೊಂದಿದ ಮೇಲೆ ಒಂದೂವರೆ ಗಂಟೆ, ಹೀಗೆ ಮೂರು ಗಂಟೆಯವರೆಗೆ ಬೆಳೆಸುವುದು. ಅವಸರ ಬಂದಾಗ ಓಡಬೇಡಿ. ಇದ್ದಲ್ಲೇ ಕುಳಿತು ಸ್ನಾಯುವನ್ನು ನಾಲ್ಕೈದು ಸಲ ಬಿಗಿಹಿಡಿದರೆ ಅಲೆ ಇಳಿಯುತ್ತದೆ, ಆಮೇಲೆ ನಡೆದುಹೋಗಿ.

ಸಾಲದಿದ್ದರೆ ಮಾತ್ರೆ. ಎರಡು ಗುಂಪುಗಳಿವೆ. ಆಕ್ಸಿಬ್ಯುಟಿನಿನ್, ಟಾಲ್ಟೆರೊಡಿನ್, ಸಾಲಿಫೆನಾಸಿನ್ ಒಂದು ಗುಂಪು; ಇವು ಬಾಯಿ ಒಣಗಿಸುತ್ತವೆ, ಮಲ ಕಟ್ಟಿಸುತ್ತವೆ, ಮುದುಕರಲ್ಲಿ ಮರೆವು ಮತ್ತು ಗೊಂದಲ ತರಬಹುದು. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಯಲ್ಲಿ ಒಂದು ಬಗೆ ಇರುವವರಿಗೂ, ಮೂತ್ರ ಉಳಿದುಕೊಳ್ಳುವವರಿಗೂ ಇವು ಆಗದು. ಮಾವನಿಗೆ ಇದನ್ನು ಕೊಟ್ಟಿದ್ದರೆ ಮೂತ್ರ ಪೂರ್ತಿ ಕಟ್ಟಿಕೊಳ್ಳಬಹುದಿತ್ತು. ಮಿರಾಬೆಗ್ರಾನ್ ಬೇರೆ ದಾರಿಯಲ್ಲಿ ಕೆಲಸ ಮಾಡುತ್ತದೆ. ಬಾಯಿ ಒಣಗುವುದು ಕಡಿಮೆ, ಆದರೆ ರಕ್ತದೊತ್ತಡ ಏರಬಹುದು. ಬಿ.ಪಿ. ಹತೋಟಿಯಲ್ಲಿಲ್ಲದವರು ಅದನ್ನು ತೆಗೆದುಕೊಳ್ಳಬಾರದು. ಎಪ್ಪತ್ತು ದಾಟಿದವರಿಗೆ, ಅದರಲ್ಲೂ ಮರೆವು ಶುರುವಾದವರಿಗೆ, ಮೊದಲ ಗುಂಪಿನ ಮಾತ್ರೆ ಬರೆದರೆ ಎರಡನೆಯದು ಆಗುತ್ತದೆಯೇ ಎಂದು ಕೇಳಲು ಹಿಂಜರಿಯಬೇಡಿ. ಯಾವುದೇ ಆದರೂ ಗುಣ ತಿಳಿಯಲು ನಾಲ್ಕರಿಂದ ಆರು ವಾರ ಬೇಕು. ಔಷಧದ ಮೂಲ ಹೆಸರು ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿದರೆ ಬೆಲೆ ಇಳಿಯಬಹುದು.

ಮುಟ್ಟು ನಿಂತವರಲ್ಲಿ ಯೋನಿ ಒಣಗಿ ಉರಿ, ಅವಸರ ಇದ್ದರೆ ಅಲ್ಲಿಗೇ ಹಚ್ಚುವ ಈಸ್ಟ್ರೋಜೆನ್ ಕ್ರೀಮ್ ನೆರವಾಗುತ್ತದೆ. ಗರ್ಭಕೋಶ ಜಾರಿದವರಿಗೆ ಪೆಸರಿ ಎಂಬ ಸಿಲಿಕೋನ್ ಉಂಗುರವನ್ನು ಒಳಗಿಟ್ಟು ಆಸರೆ ಕೊಡಬಹುದು. ಶಸ್ತ್ರಚಿಕಿತ್ಸೆ ಬೇಡ ಎನ್ನುವವರು ಇದನ್ನು ಕೇಳಿ ತಿಳಿಯಬೇಕು.

ನೀರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಸೋರುತ್ತದೆ ಎಂದು ನೀರು ಬಿಡುವುದು ನಮ್ಮ ಕಡೆಯ ದೊಡ್ಡ ತಪ್ಪು. ವಿಜಯಪುರ, ಬಾಗಲಕೋಟೆಗಳ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ನೀರು ಬಿಟ್ಟರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಸೋಂಕು ಮತ್ತು ಕಲ್ಲಿಗೆ ದಾರಿಯಾಗುತ್ತದೆ, ಮಲ ಗಟ್ಟಿಯಾಗಿ ಮೂತ್ರಕೋಶವನ್ನು ಒತ್ತುತ್ತದೆ. ಮೂತ್ರ ತಿಳಿ ಹಳದಿ ಇರುವಷ್ಟು ಕುಡಿಯಬೇಕು. ಮಲಗುವ ಎರಡು ಮೂರು ಗಂಟೆ ಮೊದಲು ಕಡಿಮೆ ಮಾಡಿದರೆ ಸಾಕು. ಕಡಿಮೆ ಮಾಡಬೇಕಾದದ್ದು ಚಹಾ. ಬಂದವರಿಗೆಲ್ಲ ಚಹಾ, ಅವರ ಜೊತೆ ತಮಗೂ ಚಹಾ ಎಂಬ ಮನೆಗಳಲ್ಲಿ ಇದು ಸುಲಭವಲ್ಲ ಎಂದು ಬಲ್ಲೆ, ಆದರೂ ಆತುರದ ಸೋರಿಕೆಯವರು ದಿನಕ್ಕೆ ಎರಡು ಸಣ್ಣ ಕಪ್ಪಿಗೆ ಇಳಿಸಿ ಒಂದು ವಾರ ನೋಡಲಿ. ತೂಕ ಹೆಚ್ಚಿದ್ದವರು ತೂಕದ ಹತ್ತರಲ್ಲೊಂದು ಪಾಲು ಇಳಿಸಿದರೂ ಸೋರಿಕೆ ಗಮನಕ್ಕೆ ಬರುವಷ್ಟು ತಗ್ಗುತ್ತದೆ.

ಶಸ್ತ್ರಚಿಕಿತ್ಸೆಗೆ ಹೊರಡುವ ಮುನ್ನ

ಮೂರು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿಯೂ ಒತ್ತಡದ ಸೋರಿಕೆ ಬದುಕಿಗೆ ಅಡ್ಡಿಯಾದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಮೂತ್ರನಾಳದ ಕೆಳಗೆ ಜೋಲಿಯಂತೆ ಪಟ್ಟಿ ಇಡುವ ವಿಧಾನವನ್ನು ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟೆನ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದರು. ಸಣ್ಣ ಗಾಯ, ಬೇಗ ಮನೆಗೆ, ಬಹುಪಾಲು ಮಹಿಳೆಯರಿಗೆ ಒಳ್ಳೆಯ ಗುಣ. ಆದರೆ ಆ ಪಟ್ಟಿ ಕೃತಕ ಜಾಲರಿ. ಕೆಲವರಲ್ಲಿ ಅದು ಒಳಗೆ ಕೊರೆದು ನೋವು ಕೊಟ್ಟದ್ದರಿಂದ 2018ರಲ್ಲಿ ಬ್ರಿಟನ್ ಇದರ ಬಳಕೆಗೆ ತಡೆ ಹಾಕಿತು. ಬೇರೆ ದಾರಿಗಳೂ ಇವೆ: ರೋಗಿಯ ಹೊಟ್ಟೆಯಿಂದಲೇ ತೆಗೆದ ಗಟ್ಟಿ ಪೊರೆಯ ಪಟ್ಟಿ, ಅಥವಾ ಹೊಲಿಗೆ ಹಾಕಿ ಮೂತ್ರಕೋಶದ ಕತ್ತನ್ನು ಮೇಲೆತ್ತುವ ಬರ್ಚ್ ವಿಧಾನ. ಇವುಗಳ ಗಾಯ ದೊಡ್ಡದು, ಜಾಲರಿಯ ಭಯವಿಲ್ಲ. ಜಾಲರಿ ಹಾಕುತ್ತೀರಾ, ಇಂಥವು ಎಷ್ಟು ಮಾಡಿದ್ದೀರಿ, ಮುಂದೆ ತೊಂದರೆಯಾದರೆ ತೆಗೆಯುವವರು ಯಾರು, ಈ ಮೂರು ಪ್ರಶ್ನೆ ಕೇಳುವುದು ಅಗೌರವವಲ್ಲ. ಮಕ್ಕಳಾಗುವುದು ಬಾಕಿ ಇದ್ದರೆ ಸಾಮಾನ್ಯವಾಗಿ ಮುಂದೂಡುತ್ತಾರೆ. ಮುಖ್ಯವಾಗಿ, ಇದು ಆತುರದ ಸೋರಿಕೆಗೆ ಮಾಡುವ ಶಸ್ತ್ರಚಿಕಿತ್ಸೆಯಲ್ಲ.

ಆತುರದ ಸೋರಿಕೆ ಮಾತ್ರೆಗೆ ಬಗ್ಗದಿದ್ದರೆ ಮೂತ್ರಕೋಶದ ಗೋಡೆಗೆ, ಸ್ನಾಯುವನ್ನು ಸಡಿಲಿಸುವ ಬೊಟಾಕ್ಸ್ ಚುಚ್ಚುಮದ್ದು ಕೊಡುತ್ತಾರೆ. ಆರರಿಂದ ಒಂಬತ್ತು ತಿಂಗಳು ಗುಣ ಇರುತ್ತದೆ, ಮತ್ತೆ ಕೊಡಿಸಬೇಕು. ಕೆಲವರಿಗೆ ಮೂತ್ರ ಕಟ್ಟಿಕೊಂಡು ಕೆಲವು ವಾರ ತಾವೇ ನಳಿಕೆ ಹಾಕಿ ತೆಗೆಯಬೇಕಾಗುತ್ತದೆ. ಅದಕ್ಕೆ ಮನಸ್ಸು ಒಪ್ಪದಿದ್ದರೆ ಈ ದಾರಿ ಬೇಡ.

ಗಂಡಸರ ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ಕೆಲವೇ ದಿನಗಳಲ್ಲಿ ಧಾರೆ ಸಡಿಲಿಸುತ್ತದೆ, ಎದ್ದಾಗ ತಲೆ ತಿರುಗಬಹುದು. ಗ್ರಂಥಿಯನ್ನು ಕುಗ್ಗಿಸುವ ಫಿನಾಸ್ಟೆರೈಡ್‌ಗೆ ತಿಂಗಳುಗಳೇ ಬೇಕು. ಮಾವನ ಸ್ಥಿತಿಯಲ್ಲಿ ಮೂತ್ರನಾಳದ ಮೂಲಕ ದೂರ್ಬೀನು ತೂರಿಸಿ ಗ್ರಂಥಿ ಕೆತ್ತುವುದೇ ಸರಿಯಾದ ಆಯ್ಕೆಯಾಗಿತ್ತು. ಅದಾದ ಮೇಲೆ ಕೌದಿ ಒಗೆಯುವುದು ನಿಂತಿತು. ಮೂತ್ರ ಮಾಡಿ ಎದ್ದ ಮೇಲೆ ನಾಲ್ಕು ಹನಿ ಬೀಳುವುದು ಬೇರೆ, ಅದು ರೋಗವೆನಿಸುವಷ್ಟಲ್ಲ. ವೃಷಣದ ಹಿಂಭಾಗದಿಂದ ಮುಂದಕ್ಕೆ ಬೆರಳಿನಿಂದ ಒತ್ತಿ ಖಾಲಿ ಮಾಡಿದರೆ ಸಾಕು.

ಡೈಪರ್, ಪ್ಯಾಡ್, ಬಟ್ಟೆ, ನಳಿಕೆ

ಇವು ಚಿಕಿತ್ಸೆ ನಡೆಯುವಾಗಿನ ಆಸರೆ. ಕೆಲವರಿಗೆ ಕೊನೆತನಕವೂ ಬೇಕಾಗುತ್ತವೆ. ಮುಟ್ಟಿನ ಪ್ಯಾಡ್ ರಕ್ತಕ್ಕೆಂದು ಮಾಡಿದ್ದು. ಮೂತ್ರದ ರಭಸವನ್ನು ಅದು ಹೀರುವುದಿಲ್ಲ, ಚರ್ಮ ಒದ್ದೆಯಾಗಿಯೇ ಉಳಿಯುತ್ತದೆ. ಸ್ವಲ್ಪವೇ ಸೋರುವವರಿಗೆ ಮೂತ್ರಕ್ಕೆಂದೇ ಇರುವ ಪ್ಯಾಡ್ ಒಳ್ಳೆಯದು, ಇಲ್ಲವೇ ಅವ್ವನಂತೆ ಹತ್ತಿಯ ಬಟ್ಟೆ. ಬಟ್ಟೆಯನ್ನು ಸೀರೆಯಡಿ ಬಚ್ಚಿಡದೆ ನೇರ ಬಿಸಿಲಿಗೆ ಹಾಕಬೇಕು, ನಾಚಿಕೆಗೆಂದು ಹಸಿಹಸಿಯಾಗಿಯೇ ಮತ್ತೆ ಉಡಬಾರದು. ನಡೆದಾಡುವವರಿಗೆ ಚಡ್ಡಿಯಂತೆ ಏರಿಸುವ ಡೈಪರ್, ಹಾಸಿಗೆ ಹಿಡಿದವರಿಗೆ ಪಕ್ಕದಲ್ಲಿ ಅಂಟಿಸುವ ಡೈಪರ್ ಅನುಕೂಲ. ಅಳತೆಗೆ ಸೊಂಟದ ಸುತ್ತಳತೆ ನೋಡಿ ತೆಗೆದುಕೊಳ್ಳಿ. ದೊಡ್ಡದಿದ್ದಷ್ಟೂ ಒಳ್ಳೆಯದು ಎಂದು ತಂದರೆ ತೊಡೆಯ ಸಂದಿನಿಂದ ಸೋರುತ್ತದೆ. ಹಾಸಿಗೆ ರಕ್ಷಣೆಗೆ ಡೈಪರಿನ ಮೇಲೆ ಡೈಪರ್ ಬೇಡ, ಕೆಳಗೆ ರಬ್ಬರ್ ಶೀಟು, ಅದರ ಮೇಲೆ ಹತ್ತಿಯ ದುಪ್ಪಟಿ ಹಾಸಿ.

ಬೇಸಿಗೆಯಲ್ಲಿ ಡೈಪರನ್ನು ಇಡೀ ದಿನ ಬಿಟ್ಟರೆ ಚರ್ಮ ಬೆಂದು ಸುಲಿಯುತ್ತದೆ. ನಾಲ್ಕೈದು ಗಂಟೆಗೊಮ್ಮೆ, ಮಲವಾದರೆ ಕೂಡಲೇ ಬದಲಿಸಿ. ಉಗುರು ಬೆಚ್ಚಗಿನ ನೀರಿನಿಂದ ತೊಳೆದು, ಉಜ್ಜದೆ ಒತ್ತಿ ಒರೆಸಿ, ಪೆಟ್ರೋಲಿಯಂ ಜೆಲ್ಲಿ ಅಥವಾ ಜಿಂಕ್ ಆಕ್ಸೈಡ್ ಮುಲಾಮನ್ನು ತೆಳುವಾಗಿ ಸವರಿ. ಪೌಡರ್ ಬೇಡ, ಸಂದಿಯಲ್ಲಿ ಗಂಟುಕಟ್ಟುತ್ತದೆ.

ಗಂಡಸರಿಗೆ ಕಾಂಡೋಮ್‌ನಂತೆ ತೊಡಿಸಿ ಚೀಲಕ್ಕೆ ಜೋಡಿಸುವ ಸಾಧನ ರಾತ್ರಿಗೆ ಉಪಯುಕ್ತ. ಮೂತ್ರ ಉಳಿಯುತ್ತಿಲ್ಲ ಎಂದು ಖಚಿತವಾದವರಿಗೆ ಮಾತ್ರ. ಸದಾ ಒಳಗೇ ಇರುವ ನಳಿಕೆಯನ್ನು ನೋಡಿಕೊಳ್ಳುವವರ ಅನುಕೂಲಕ್ಕೆ ಹಾಕಿಸಬಾರದು. ದಿನ ಕಳೆದಂತೆ ಸೋಂಕು ಬರುವುದು ಹೆಚ್ಚು. ಮೂತ್ರ ಉಳಿಯುವವರು ದಿನಕ್ಕೆ ನಾಲ್ಕೈದು ಸಲ ಶುಚಿಯಾದ ನಳಿಕೆಯಿಂದ ತಾವೇ ತೆಗೆದು ಮತ್ತೆ ಹೊರಗೆಳೆಯುವ ವಿಧಾನವನ್ನು ಅಮೆರಿಕದ ಮೂತ್ರರೋಗ ತಜ್ಞ ಜಾಕ್ ಲ್ಯಾಪಿಡಿಸ್ 1972ರಲ್ಲಿ ಪ್ರಕಟಿಸಿದರು. ಕೇಳಿದರೆ ಭಯವಾಗುತ್ತದೆ, ಆದರೆ ಕಲಿತವರಿಗೆ ಚೀಲ ಹೊತ್ತು ತಿರುಗುವ ಕಷ್ಟ ತಪ್ಪುತ್ತದೆ.

ಎಲ್ಲಿಗೆ, ಯಾವಾಗ

ಕಾಯದೆ ಹೋಗಬೇಕಾದ ಸಂದರ್ಭಗಳಿವೆ. ಮೂತ್ರದಲ್ಲಿ ರಕ್ತ, ಜ್ವರದೊಂದಿಗೆ ಉರಿ, ಮೂತ್ರ ಪೂರ್ತಿ ನಿಂತು ಕಿಬ್ಬೊಟ್ಟೆ ಉಬ್ಬುವುದು. ಬೆನ್ನುನೋವಿನ ಜೊತೆ ಕಾಲು ಸೋತು, ಕೂರುವ ಜಾಗ ಮರಗಟ್ಟಿ, ಇದ್ದಕ್ಕಿದ್ದಂತೆ ಮೂತ್ರದ ಹಿಡಿತ ತಪ್ಪಿದರೆ ಅದು ಬೆನ್ನುಹುರಿಯ ತುದಿಯ ನರಗಳು ಅದುಮಿದ ಲಕ್ಷಣ; ಅದೇ ದಿನ ದೊಡ್ಡ ಆಸ್ಪತ್ರೆ ಸೇರಬೇಕು.

ಉಳಿದವರು ಹೆಂಗಸರಾದರೆ ಸ್ತ್ರೀರೋಗ ವಿಭಾಗದಿಂದ, ಗಂಡಸರಾದರೆ ಮೂತ್ರರೋಗ ಅಥವಾ ಸಾಮಾನ್ಯ ಶಸ್ತ್ರಚಿಕಿತ್ಸಾ ವಿಭಾಗದಿಂದ ಶುರು ಮಾಡಬಹುದು. ನಮ್ಮ ಕಡೆಯ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರು ಜಿಲ್ಲೆಗಳಲ್ಲೂ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಬೆಳಗಾವಿಯಲ್ಲಿ ಸರ್ಕಾರದ ಬಿಮ್ಸ್ ಮತ್ತು ಕೆ.ಎಲ್.ಇ. ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆ, ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಹಾನಗಲ್ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದಲ್ಲಿ ಬಿ.ಎಲ್.ಡಿ.ಇ.ಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಫಿಸಿಯೊಥೆರಪಿ ವಿಭಾಗದಲ್ಲಿ ಈ ವ್ಯಾಯಾಮ ಕಲಿಸುವ ಮಹಿಳಾ ಸಿಬ್ಬಂದಿ ಇದ್ದಾರೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿ. ಶಸ್ತ್ರಚಿಕಿತ್ಸೆ ಬೇಕಾದರೆ ಬಿ.ಪಿ.ಎಲ್. ಕಾರ್ಡು, ಆಧಾರ್ ಜೊತೆಗಿರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ಬರುತ್ತದೆಯೇ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ ಎಂದು ದಾಖಲಾಗುವ ಮೊದಲೇ ವಿಚಾರಿಸಿ.

ಒಳಗೆ ಕರೆದಾಗ ಕಿರುಬೆರಳು ತೋರಿಸಿ ಸುಮ್ಮನಾಗಬೇಡಿ. "ಕೊಡ ಎತ್ತಿದಾಗ ಸೋರುತ್ತದೆ, ಅವಸರ ಇರುವುದಿಲ್ಲ, ರಾತ್ರಿ ಹಾಸಿಗೆ ಒಣಗಿರುತ್ತದೆ, ದಿನಕ್ಕೆ ಏಳು ಬಟ್ಟೆ ಬದಲಿಸುತ್ತೇನೆ." ಎರಡನೆಯ ಆಸ್ಪತ್ರೆಯಲ್ಲಿ ಅವ್ವ ಹೇಳಿದ್ದು ಇಷ್ಟೇ. ಅದನ್ನು ದಾರಿಯುದ್ದಕ್ಕೂ ಬಸ್ಸಿನಲ್ಲಿ ನನ್ನ ಕಿವಿಯಲ್ಲಿ ಹೇಳಿ ಹೇಳಿ ಬಾಯಿಪಾಠ ಮಾಡಿಕೊಂಡಿದ್ದಳು.